ಬಿಸಿಲು, ಪರವಾನಗಿ, ಅಡಿಬರಹ: ಕುವೈತಿನ ಪತ್ರಿಕಾ ಛಾಯಾಗ್ರಾಹಕರ ಕಸುಬು

ಕುವೈತಿನ ಸುದ್ದಿಚಿತ್ರಗಳನ್ನು ತೆಗೆಯುವವರಲ್ಲಿ ಮೂರು ಬಗೆ. ಅಲ್ಲಿನ ಅರಬ್ಬಿ ಮತ್ತು ಇಂಗ್ಲಿಷ್ ದಿನಪತ್ರಿಕೆಗಳಲ್ಲಿ ಸಂಬಳಕ್ಕಿರುವವರು ಒಂದು. ಎಎಫ್‌ಪಿ, ರಾಯಿಟರ್ಸ್, ಎಪಿಯಂಥ ಸುದ್ದಿಸಂಸ್ಥೆಗಳಿಗಾಗಿ ಅಲ್ಲೇ ನೆಲೆನಿಂತು ದುಡಿಯುವವರು ಇನ್ನೊಂದು. ಯುದ್ಧವೋ ಬೆಂಕಿಯೋ ಎದ್ದಾಗ ವಿಮಾನ ಹತ್ತಿ ಬಂದು, ಕೆಲವು ವಾರವಿದ್ದು ಹೋಗುವವರು ಮತ್ತೊಂದು. ಜಗತ್ತಿನ ಕಣ್ಣಲ್ಲಿ ಉಳಿದಿರುವ ಕುವೈತಿನ ಚಿತ್ರಗಳು ಬಹುಪಾಲು ಈ ಮೂರನೆಯವರವು. ಆ ದೇಶದ ದಿನದಿನದ ಬದುಕನ್ನು, ಅಂದರೆ ಚುನಾವಣೆ, ಧೂಳು, ಫುಟ್ಬಾಲು, ಮೀನುಪೇಟೆ, ಕಾರ್ಮಿಕರ ವಸತಿಗಳನ್ನು ದಾಖಲಿಸುತ್ತ ಬಂದವರು ಮೊದಲ ಎರಡು ಗುಂಪಿನವರು. ಅವರಲ್ಲೂ ಅನೇಕರು ಈಜಿಪ್ಟ್, ಲೆವಂಟ್ ನಾಡುಗಳು, ಭಾರತ ಉಪಖಂಡಗಳಿಂದ ಕೆಲಸ ಹುಡುಕಿಕೊಂಡು ಬಂದವರೇ.

ದೇಶ ಚಿಕ್ಕದು. ವಿಸ್ತೀರ್ಣ ಸುಮಾರು 17,800 ಚದರ ಕಿಲೋಮೀಟರ್, ಕರ್ನಾಟಕದ ಹತ್ತನೆಯ ಒಂದು ಪಾಲಿಗಿಂತ ಕಡಿಮೆ. ಜನವಸತಿಯೆಲ್ಲ ಕರಾವಳಿಯ ಒಂದು ಪಟ್ಟಿಯಲ್ಲಿ ಕೂಡಿಕೊಂಡಿರುವುದರಿಂದ ಎಲ್ಲಿ ಏನಾದರೂ ಕಾರಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದು. ಆದ್ದರಿಂದ ಇಲ್ಲಿನ ಛಾಯಾಗ್ರಾಹಕನಿಗೆ ದೂರ ಅಡ್ಡಿಯಲ್ಲ. ಸ್ಥಳಕ್ಕೆ ಹೋದ ಮೇಲೆ ಕ್ಯಾಮೆರಾ ಎತ್ತಲು ಬಿಡುತ್ತಾರೋ ಇಲ್ಲವೋ ಎಂಬುದೇ ಪ್ರಶ್ನೆ. ಈ ಕಸುಬಿನ ಇತಿಹಾಸ, ಕಾನೂನು, ಕೈಚಳಕ, ಸಂಬಳ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಆ ಪ್ರಶ್ನೆಯ ಮುಂದೆ.

ಕ್ಯಾಮೆರಾ ಕುವೈತಿಗೆ ಬಂದದ್ದು ಪತ್ರಿಕೆಗಳಿಗಿಂತ ಬಹಳ ಮೊದಲು. ಬ್ರಿಟಿಷ್ ರಾಜಕೀಯ ಪ್ರತಿನಿಧಿಯಾಗಿದ್ದ ಕ್ಯಾಪ್ಟನ್ ವಿಲಿಯಂ ಶೇಕ್ಸ್‌ಪಿಯರ್ 1910ರಲ್ಲಿ ಕುವೈತಿನಲ್ಲಿ ಇಬ್ನ್ ಸೌದ್‌ರ ಚಿತ್ರ ತೆಗೆದ. ಮುಂದೆ ಸೌದಿ ಅರೇಬಿಯಾವನ್ನು ಕಟ್ಟಿದ ಆ ದೊರೆಯ ಮೊದಲ ಫೋಟೊ ಅದೆಂದೇ ಪ್ರಸಿದ್ಧಿ. ಸುದ್ದಿಚಿತ್ರದ ಮನೋಧರ್ಮಕ್ಕೆ ಇನ್ನೂ ಹತ್ತಿರದವನು ಆಸ್ಟ್ರೇಲಿಯಾದ ಅಲನ್ ವಿಲಿಯರ್ಸ್. ಹಾಯಿಹಡಗುಗಳ ಕಾಲ ಮುಗಿಯುತ್ತಿದೆ ಎಂದು ಅರಿತಿದ್ದ ಈ ನಾವಿಕ 1938–39ರಲ್ಲಿ ಅಲಿ ಬಿನ್ ನಾಸಿರ್ ಅಲ್ ನಜ್ದಿ ಎಂಬ ನಖೋದನ, ಅಂದರೆ ಹಡಗಿನ ನಾಯಕನ, 'ಬಯಾನ್' ಹಡಗು ಹತ್ತಿ ಏಡನ್ನಿನಿಂದ ಪೂರ್ವ ಆಫ್ರಿಕಕ್ಕೆ ಹೋಗಿ ಕುವೈತಿಗೆ ಬಂದಿಳಿದ. ಆಮೇಲೆ ಮುತ್ತು ಹೆಕ್ಕುವವರ ಜೊತೆಗೂ ಸಮುದ್ರಕ್ಕಿಳಿದ. ಹಡಗಿನ ಅಟ್ಟದ ಮೇಲೆ ಮಲಗಿದ ಖಲಾಸಿಗಳು, ಹಗ್ಗ ಎಳೆಯುವ ಸಾಲು, ಮೂಗಿಗೆ ಚಿಮುಟ ಸಿಕ್ಕಿಸಿಕೊಂಡು ನೀರಿಗೆ ಇಳಿಯುವವರು ಅವನ ಚಿತ್ರಗಳಲ್ಲಿದ್ದಾರೆ. ಇಂದು ಅವು ಲಂಡನ್ನಿನ ಗ್ರೀನಿಚ್ ಕಡಲ ಸಂಗ್ರಹಾಲಯದಲ್ಲಿವೆ. ಇದೇ ಬಗೆಯ ಕುವೈತಿ ಹಡಗುಗಳು ಖರ್ಜೂರ ತುಂಬಿಕೊಂಡು ನಮ್ಮ ಪಶ್ಚಿಮ ಕರಾವಳಿಗೆ ಬಂದು, ಮಂಗಳೂರು, ಕಲ್ಲಿಕೋಟೆಗಳಿಂದ ಮರ ಹೇರಿಕೊಂಡು ಹೋಗುತ್ತಿದ್ದವು. 1961ರವರೆಗೆ ಕುವೈತಿನ ಪೇಟೆಯಲ್ಲಿ ಓಡುತ್ತಿದ್ದದ್ದೂ ರೂಪಾಯಿಯೇ. ಕರಾವಳಿಯವರಿಗೆ ಆ ಚಿತ್ರಗಳು ಪರನಾಡಿನವು ಎನ್ನಿಸದಿದ್ದರೆ ಆಶ್ಚರ್ಯವಿಲ್ಲ.

ಎಣ್ಣೆಯ ಹಣ ಬಂದ ಮೇಲೆ ಮುದ್ರಣ ಬಂತು. 1958ರ ಡಿಸೆಂಬರಿನಲ್ಲಿ ಕುವೈತ್ ಸರ್ಕಾರ 'ಅಲ್ ಅರಬಿ' ಮಾಸಿಕವನ್ನು ಹೊರಡಿಸಿತು. ಮೊದಲ ಸಂಪಾದಕರು ಈಜಿಪ್ಟಿನ ವಿಜ್ಞಾನಿ ಅಹ್ಮದ್ ಝಕಿ. ವರದಿಗಾರ ಸಲೀಂ ಝಬ್ಬಾಲ್ ಮತ್ತು ಛಾಯಾಗ್ರಾಹಕ ಆಸ್ಕರ್ ಮಿತ್ರಿ ಜೋಡಿಯಾಗಿ ಅರಬ್ ಜಗತ್ತಿನ ಮೂಲೆಮೂಲೆ ಸುತ್ತಿ ತರುತ್ತಿದ್ದ ಸಚಿತ್ರ ಲೇಖನಗಳು ಈ ಪತ್ರಿಕೆಯ ಜೀವಾಳ. ಬರೆಯುವವನೊಬ್ಬ, ಚಿತ್ರ ತೆಗೆಯುವವನೊಬ್ಬ, ಇಬ್ಬರದೂ ಸಮ ಪಾಲು ಎಂಬ ಪದ್ಧತಿ ಆ ಭಾಗದ ಪತ್ರಿಕೋದ್ಯಮಕ್ಕೆ ಬಂದದ್ದರಲ್ಲಿ ಇದರ ಪಾತ್ರ ದೊಡ್ಡದು. 1961ರಲ್ಲಿ 'ಕುವೈತ್ ಟೈಮ್ಸ್' ಕೊಲ್ಲಿ ಪ್ರದೇಶದ ಮೊದಲ ಇಂಗ್ಲಿಷ್ ದಿನಪತ್ರಿಕೆಯಾಗಿ ಹುಟ್ಟಿತು. 'ಅಲ್ ಖಬಸ್' 1972ರಲ್ಲಿ, 'ಅಲ್ ಅನ್ಬಾ' 1976ರಲ್ಲಿ, 'ಅರಬ್ ಟೈಮ್ಸ್' 1977ರಲ್ಲಿ ಬಂದವು. ಸರ್ಕಾರಿ ಸುದ್ದಿಸಂಸ್ಥೆ 'ಕುನಾ' 1976ರಲ್ಲಿ ಸ್ಥಾಪನೆಯಾಯಿತು. ಪತ್ರಕರ್ತರ ಸಂಘ ಅದಕ್ಕೂ ಮೊದಲೇ, 1964ರಲ್ಲೇ ಇತ್ತು. ಇಷ್ಟು ಚಿಕ್ಕ ನಾಡಿನಲ್ಲಿ ಇಷ್ಟೊಂದು ಪತ್ರಿಕೆಗಳಿದ್ದದ್ದರಿಂದ ಎಪ್ಪತ್ತರ ದಶಕದಲ್ಲಿ ಕ್ಯಾಮೆರಾ ಹಿಡಿದವರಿಗೆ ಕುವೈತಿನಲ್ಲಿ ಕೆಲಸಕ್ಕೆ ಕೊರತೆಯಿರಲಿಲ್ಲ.

1990ರ ಆಗಸ್ಟ್ 2ರಂದು ಇರಾಕಿ ಸೈನ್ಯ ನುಗ್ಗಿದಾಗ ಇದೆಲ್ಲ ಒಂದೇ ದಿನದಲ್ಲಿ ನಿಂತುಹೋಯಿತು. 'ಅಲ್ ಖಬಸ್'ನ ಮುದ್ರಣಾಲಯದಲ್ಲಿ ಆಕ್ರಮಣಕಾರರು 'ಅಲ್ ನಿದಾ' ಎಂಬ ತಮ್ಮ ಪತ್ರಿಕೆ ಅಚ್ಚು ಹಾಕಿದರು. 'ಅಲ್ ಖಬಸ್' ಲಂಡನ್ನಿನಿಂದ ಹೊರಬರಬೇಕಾಯಿತು. ಕ್ಯಾಮೆರಾ ಇಟ್ಟುಕೊಂಡವರ ಮೇಲೆ ಸಂಶಯದ ಕಣ್ಣು ಬೀಳುತ್ತಿದ್ದ ಆ ಏಳು ತಿಂಗಳ ಒಳಗಿನ ಚಿತ್ರಗಳು ಬಹಳ ಕಡಿಮೆ. ಅದೇ ಹೊತ್ತಿನಲ್ಲಿ ಕುವೈತ್ ಮತ್ತು ಇರಾಕಿನಿಂದ ಸುಮಾರು 1,70,000 ಭಾರತೀಯರು ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಊರಿಗೆ ಬಂದರು. ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಇಂದಿಗೂ ಆ ಪ್ರಯಾಣದ ಕಥೆಯಿದೆ. ಕಥೆಗಳಿರುವಷ್ಟು ಚಿತ್ರಗಳಿಲ್ಲ. ಮರುಭೂಮಿಯ ಗಡಿಯಲ್ಲಿ ನೀರಿಗಾಗಿ ನಿಂತವರ ಸಾಲುಗಳು ಹೊರಗಿನ ಸುದ್ದಿಸಂಸ್ಥೆಗಳ ಕ್ಯಾಮೆರಾಗೆ ಸಿಕ್ಕವು. ಕುವೈತ್ ನಗರದ ಒಳಗೆ ಬಾಗಿಲು ಮುಚ್ಚಿ ಕುಳಿತಿದ್ದ ಸಂಸಾರಗಳು ಯಾರಿಗೂ ಸಿಗಲಿಲ್ಲ.

ಕುವೈತನ್ನು ಬಿಡಿಸಿಕೊಳ್ಳಲು ನಡೆದ 1991ರ ಯುದ್ಧವನ್ನು ಅಮೆರಿಕದ ಸೈನ್ಯ 'ಪೂಲ್' ಎಂಬ ವ್ಯವಸ್ಥೆಯಡಿ ಪತ್ರಕರ್ತರಿಗೆ ತೋರಿಸಿತು. ಆಯ್ದ ಕೆಲವರನ್ನು ಅಧಿಕಾರಿಯ ಬೆಂಗಾವಲಿನಲ್ಲಿ ಮುಂಚೂಣಿಗೆ ಕರೆದೊಯ್ಯುವುದು, ಅವರು ತಂದದ್ದನ್ನು ಸೈನ್ಯ ಪರಿಶೀಲಿಸಿದ ಮೇಲೆ ಉಳಿದವರೆಲ್ಲ ಹಂಚಿಕೊಳ್ಳುವುದು ಅದರ ಕ್ರಮ. ಛಾಯಾಗ್ರಾಹಕ ಪೀಟರ್ ಟರ್ನ್‌ಲಿ ಈ ಗುಂಪಿಗೆ ಸೇರಲು ಒಪ್ಪದೆ ತನ್ನ ಪಾಡಿಗೆ ತಾನು ಓಡಾಡಿದ. ಕುವೈತಿನಿಂದ ಬಸ್ರಾ ಕಡೆಗೆ ಹೋಗುವ 80ನೇ ಹೆದ್ದಾರಿಯಲ್ಲಿ, ಮುತ್ಲಾ ದಿಬ್ಬದ ಬಳಿ, ಹಿಂದೆ ಸರಿಯುತ್ತಿದ್ದ ಇರಾಕಿ ವಾಹನಗಳ ಮೇಲೆ ಬಾಂಬು ಬಿದ್ದ ಜಾಗವನ್ನು ಅವನು ಚಿತ್ರಿಸಿದ. ಆ ಚಿತ್ರಗಳಲ್ಲಿ ಅನೇಕವು ಜನರ ಮುಂದೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಗಡಿಯಾಚೆ ಇರಾಕಿನಲ್ಲಿ, ಪೂಲ್‌ನೊಳಗೇ ಇದ್ದ ಛಾಯಾಗ್ರಾಹಕ ಕೆನೆತ್ ಜಾರೆಕಿ 1991ರ ಫೆಬ್ರವರಿ 28ರಂದು ಲಾರಿಯೊಂದರ ಕಿಟಕಿಯಲ್ಲಿ ಸುಟ್ಟು ಕರಕಲಾದ ಸೈನಿಕನ ಚಿತ್ರ ತೆಗೆದ. ಸೈನ್ಯ ಅದನ್ನು ತಡೆಯಲಿಲ್ಲ. ತಡೆದವರು ಅಮೆರಿಕದ ಸಂಪಾದಕರೇ: ಎಪಿ ಅದನ್ನು ಹಂಚದೆ ಕೈಬಿಟ್ಟಿತು, ಬ್ರಿಟನ್ನಿನ 'ಅಬ್ಸರ್ವರ್' ಅಚ್ಚು ಹಾಕಿತು. ಅಂಕುಶ ಯಾವಾಗಲೂ ಸರ್ಕಾರದ ಕೈಯಲ್ಲೇ ಇರುವುದಿಲ್ಲ ಎಂಬುದಕ್ಕೆ ಪತ್ರಿಕೋದ್ಯಮ ತರಗತಿಗಳಲ್ಲಿ ಇಂದಿಗೂ ಈ ಚಿತ್ರವನ್ನೇ ಎತ್ತಿಕೊಳ್ಳುತ್ತಾರೆ.

ಸೋತು ಹೊರಟ ಇರಾಕಿ ಸೈನ್ಯ 600ಕ್ಕೂ ಹೆಚ್ಚು ಎಣ್ಣೆಬಾವಿಗಳಿಗೆ ಬೆಂಕಿ ಇಟ್ಟುಹೋಯಿತು. ಕೊನೆಯ ಬಾವಿ ಆರಿದ್ದು ನವೆಂಬರ್ 6ರಂದು. ನಡುವಿನ ಎಂಟು ತಿಂಗಳು ಜಗತ್ತಿನ ದೊಡ್ಡ ದೊಡ್ಡ ಛಾಯಾಗ್ರಾಹಕರೆಲ್ಲ ಕುವೈತಿಗೆ ಬಂದರು. ಅದರಲ್ಲಿ ಇಬ್ಬರ ಕೆಲಸವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಸುಬಿನ ಒಳಗುಟ್ಟು ತಿಳಿಯುತ್ತದೆ. 'ನ್ಯಾಷನಲ್ ಜಿಯಾಗ್ರಫಿಕ್'ಗಾಗಿ ಬಂದ ಸ್ಟೀವ್ ಮೆಕರಿ ಬಣ್ಣದಲ್ಲಿ ಕೆಲಸ ಮಾಡಿದ: ಕಿತ್ತಳೆ ಬೆಂಕಿಯ ಗೋಡೆ, ಅದರ ಮುಂದೆ ದಿಕ್ಕೆಟ್ಟು ಹೋಗುತ್ತಿರುವ ಒಂಟೆಗಳ ಸಾಲು. ಬ್ರೆಜಿಲಿನ ಸೆಬಾಸ್ಟಿಯಾವ್ ಸಲ್ಗಾಡೊ ಕಪ್ಪು–ಬಿಳುಪಿನಲ್ಲಿ ತೆಗೆದ. ಅವನು ಓದಿದ್ದು ಅರ್ಥಶಾಸ್ತ್ರ. ಆಗ ದುಡಿಮೆಯ ಜನರ ಬಗ್ಗೆ ದೊಡ್ಡದೊಂದು ಚಿತ್ರಮಾಲೆ ಮಾಡುತ್ತಿದ್ದ. ಹಾಗಾಗಿ ಬೆಂಕಿಗಿಂತ ಅದನ್ನು ಆರಿಸುವವರ ಮೇಲೆ ಅವನ ಕಣ್ಣು. ಕೆನಡಾ, ಅಮೆರಿಕಗಳಿಂದ ಬಂದ ಬಾವಿ ಮುಚ್ಚುವ ತಂಡದವರು ಮೈತುಂಬ ಎಣ್ಣೆ ಮೆತ್ತಿಕೊಂಡು, ಮನುಷ್ಯರೋ ಕಬ್ಬಿಣದ ಬೊಂಬೆಗಳೋ ತಿಳಿಯದಂತೆ ಆ ಚಿತ್ರಗಳಲ್ಲಿ ನಿಂತಿದ್ದಾರೆ.

ಇಲ್ಲಿನ ತಾಂತ್ರಿಕ ತೊಡಕನ್ನು ತುಸು ಬಿಡಿಸಿ ಹೇಳಬೇಕು. ಕ್ಯಾಮೆರಾದ ಬೆಳಕಿನ ಮೀಟರ್‌ಗೆ ಎದುರಿಗಿರುವುದು ಏನೆಂದು ಗೊತ್ತಿರುವುದಿಲ್ಲ. ಎಲ್ಲವೂ ನಡುಬೂದು ಬಣ್ಣದ್ದೆಂದೇ ಅದರ ಲೆಕ್ಕ. ಎಣ್ಣೆಯಲ್ಲಿ ಅದ್ದಿದ ಮನುಷ್ಯನಿಗೆ ಗುರಿ ಹಿಡಿದರೆ ಅದು ಬೆಳಕು ಸಾಲದೆಂದು ತಿಳಿದು ಹೆಚ್ಚು ಬೆಳಕು ಬಿಡುತ್ತದೆ, ಕಡುಕಪ್ಪು ಬೂದುಬಣ್ಣವಾಗುತ್ತದೆ. ಹಿಂದಿನ ಜ್ವಾಲೆಗೆ ಗುರಿ ಹಿಡಿದರೆ ಮನುಷ್ಯ ಬರೀ ನೆರಳಾಗುತ್ತಾನೆ. ಹೊಗೆ ಮುಸುಕಿದಾಗ ನಡುಹಗಲೇ ಮುಸ್ಸಂಜೆ. ಗಾಳಿ ತಿರುಗಿದೊಡನೆ ಮತ್ತೆ ಕಣ್ಣು ಕುಕ್ಕುವ ಬಿಸಿಲು. ಫಿಲ್ಮಿನ ಕಾಲವಾದ್ದರಿಂದ ತೆಗೆದದ್ದನ್ನು ಅಲ್ಲೇ ನೋಡಿ ತಿದ್ದಿಕೊಳ್ಳುವ ಹಾಗಿಲ್ಲ. ಕೈಯಂದಾಜಿನಲ್ಲಿ ಬೆಳಕು ಅಳೆಯಲು ಬಲ್ಲವನು ಮಾತ್ರ ಗೆಲ್ಲುತ್ತಿದ್ದ. ಸಲ್ಗಾಡೊ ಬಳಿಯಿದ್ದ ಒಂದು ಲೆನ್ಸು ಶಾಖಕ್ಕೆ ಸೊಟ್ಟಗಾಯಿತು. ಬಾವಿಗಳ ಭೋರ್ಗರೆತಕ್ಕೆ ಅವನ ಕಿವಿಗೆ ಆದ ಪೆಟ್ಟು ಕೊನೆಯವರೆಗೂ ಉಳಿಯಿತು. ಬೇರೆಯವರ ಪಾಲಿಗೆ ಅದಕ್ಕಿಂತ ಕೆಟ್ಟದ್ದು ಕಾದಿತ್ತು: 1991ರ ಏಪ್ರಿಲಿನಲ್ಲಿ 'ಫೈನಾನ್ಷಿಯಲ್ ಟೈಮ್ಸ್'ನ ಡೇವಿಡ್ ಥಾಮಸ್ ಮತ್ತು ಛಾಯಾಗ್ರಾಹಕ ಅಲನ್ ಹಾರ್ಪರ್ ರಸ್ತೆ ಮೇಲೆ ಹರಡಿದ್ದ ಎಣ್ಣೆ ಹೊತ್ತಿಕೊಂಡು ಸತ್ತರು. ಸಲ್ಗಾಡೊನ ಕುವೈತ್ ಚಿತ್ರಗಳು ಪೂರ್ತಿ ಪುಸ್ತಕವಾಗಿ ಬಂದದ್ದು 2016ರಲ್ಲಿ, ಕಾಲು ಶತಮಾನದ ನಂತರ.

2003ರಲ್ಲಿ ಕುವೈತ್ ಮತ್ತೆ ಕ್ಯಾಮೆರಾಗಳ ಬೀಡಾಯಿತು. ಇರಾಕಿನ ಮೇಲಿನ ದಾಳಿ ಹೊರಟದ್ದು ಇಲ್ಲಿಂದಲೇ. 600ಕ್ಕೂ ಹೆಚ್ಚು ಪತ್ರಕರ್ತರು ಸೈನ್ಯದ ತುಕಡಿಗಳೊಳಗೆ ಸೇರಿಕೊಂಡು ಹೋದರು. ಹನ್ನೆರಡು ವರ್ಷಗಳ ಹಿಂದಿನ ಪೂಲ್ ವ್ಯವಸ್ಥೆಗೆ ಹೋಲಿಸಿದರೆ ಇದು ಧಾರಾಳವೇ. ಆದರೆ ಒಳಸೇರುವ ಮುನ್ನ ಸಹಿ ಹಾಕಬೇಕಾದ ನಿಯಮಗಳ ಪಟ್ಟಿ ಉದ್ದವಿತ್ತು: ತುಕಡಿ ಎಲ್ಲಿದೆ ಎಂದು ಹೇಳಕೂಡದು, ಸತ್ತ ಸೈನಿಕನ ಮನೆಯವರಿಗೆ ವಿಷಯ ಮುಟ್ಟುವವರೆಗೆ ಗುರುತು ಹಿಡಿಯಬಹುದಾದ ಚಿತ್ರ ಹಾಕಕೂಡದು, ಹೀಗೆ. ಯುದ್ಧ ಶುರುವಾಗುವುದಕ್ಕೂ ಮೊದಲೇ, 2002ರ ಡಿಸೆಂಬರಿನಲ್ಲಿ, ಕುವೈತಿನ ಮರಳುಗಾಡಿನಲ್ಲಿ ಅಮೆರಿಕನ್ನರ ತಾಲೀಮು ಚಿತ್ರಿಸುತ್ತಿದ್ದ ಫ್ರಾನ್ಸಿನ ಟೀವಿ ವರದಿಗಾರ ಪ್ಯಾಟ್ರಿಕ್ ಬೂರಾ ತನ್ನ ಕ್ಯಾಮೆರಾಮನ್ನನ್ನು ಪಕ್ಕಕ್ಕೆ ತಳ್ಳಿ ಉಳಿಸಲು ಹೋಗಿ ತಾನೇ ಟ್ಯಾಂಕಿಗೆ ಸಿಕ್ಕಿ ಪ್ರಾಣ ಬಿಟ್ಟ.

ಆ ಯುದ್ಧದ ಬಹು ಚರ್ಚಿತ ಚಿತ್ರಗಳಲ್ಲೊಂದನ್ನು ಕುವೈತಿನಲ್ಲಿ ತೆಗೆದವರು ಪತ್ರಿಕೆಯವರಲ್ಲ. ಕುವೈತ್ ವಿಮಾನ ನಿಲ್ದಾಣದಲ್ಲಿ ಸರಕು ಸಾಗಣೆಯ ಗುತ್ತಿಗೆ ಕೆಲಸದಲ್ಲಿದ್ದ ಅಮೆರಿಕದ ಟಾಮಿ ಸಿಲಿಸಿಯೊ ಎಂಬ ಹೆಂಗಸು 2004ರ ಏಪ್ರಿಲಿನಲ್ಲಿ ಸರಕು ವಿಮಾನದೊಳಗೆ ಧ್ವಜ ಹೊದಿಸಿ ಸಾಲಾಗಿ ಇಟ್ಟ ಶವಪೆಟ್ಟಿಗೆಗಳ ಚಿತ್ರ ತೆಗೆದು ಸ್ನೇಹಿತೆಗೆ ಕಳಿಸಿದರು. ಅದು 'ಸಿಯಾಟಲ್ ಟೈಮ್ಸ್' ತಲುಪಿ ಏಪ್ರಿಲ್ 18ರ ಮುಖಪುಟದಲ್ಲಿ ಬಂತು. ಅಂಥ ಚಿತ್ರಗಳಿಗೆ 1991ರಿಂದಲೂ ಅಮೆರಿಕದ ರಕ್ಷಣಾ ಇಲಾಖೆಯ ನಿಷೇಧವಿತ್ತು. ಸಿಲಿಸಿಯೊ ಕೆಲಸ ಹೋಯಿತು. ನಿಷೇಧವನ್ನು ಸಡಿಲಿಸಿ, ಮನೆಯವರ ಒಪ್ಪಿಗೆಯಿದ್ದರೆ ತೆಗೆಯಬಹುದು ಎಂದದ್ದು 2009ರಲ್ಲಿ. ಅಲ್ಲಿ ನೂರಾರು ವೃತ್ತಿಪರರು ಇದ್ದರೂ ಈ ಚಿತ್ರ ಅವರಿಗೆ ಸಿಗಲಿಲ್ಲ. ಆ ಬಾಗಿಲು ದಾಟಲು ಅವರಿಗೆ ಪಾಸು ಇರಲಿಲ್ಲ, ಆಕೆಗೆ ಇತ್ತು.

ಪಾಸಿನ ವಿಷಯ ಬಂದ ಮೇಲೆ ಕಾನೂನನ್ನೂ ನೋಡಬೇಕು. ಕುವೈತಿನ ಪತ್ರಿಕೆಗಳಿಗೆ 2006ರ 3ನೇ ಸಂಖ್ಯೆಯ ಮುದ್ರಣ ಮತ್ತು ಪ್ರಕಟಣೆ ಕಾನೂನು, ಅಂತರ್ಜಾಲ ಮಾಧ್ಯಮಕ್ಕೆ 2016ರ 8ನೇ ಕಾನೂನು ಅನ್ವಯ. ದೇಶದ ಅರಸರಾದ ಅಮೀರರ ಟೀಕೆ, ಧರ್ಮನಿಂದೆ ಎರಡೂ ಅಪರಾಧ. ಮೊಬೈಲಿನಲ್ಲಿ ಒಬ್ಬರ ಚಿತ್ರವನ್ನು ಅವರಿಗೆ ಗೊತ್ತಿಲ್ಲದೆ ತೆಗೆದು ತೊಂದರೆ ಕೊಡುವುದನ್ನು 2014ರ ದೂರಸಂಪರ್ಕ ಕಾನೂನು ಶಿಕ್ಷಿಸುತ್ತದೆ. 2015ರ ಸೈಬರ್ ಅಪರಾಧ ಕಾನೂನು ಅದಕ್ಕೆ ಇನ್ನಷ್ಟು ಬಿಗಿ ಸೇರಿಸಿತು. ಎಣ್ಣೆ ಸ್ಥಾವರ, ಸೈನಿಕ ನೆಲೆ, ಆಯಕಟ್ಟಿನ ಸರ್ಕಾರಿ ಕಟ್ಟಡಗಳತ್ತ ಕ್ಯಾಮೆರಾ ತಿರುಗಿಸುವಂತಿಲ್ಲ. ಸಂಸಾರ ಸಮೇತ ಬಂದವರು ಕೂತಿರುವ ಕಡೆ, ಹೆಂಗಸರಿರುವ ಕಡೆ ಕೇಳದೆ ಕ್ಲಿಕ್ಕಿಸಿದರೆ ಪೊಲೀಸ್ ದೂರು ಬೀಳಬಹುದು. ಹೊರಗಿನಿಂದ ಬರುವ ಛಾಯಾಗ್ರಾಹಕನಿಗೆ ಮಾಹಿತಿ ಸಚಿವಾಲಯದ ಒಪ್ಪಿಗೆ ಪತ್ರ ಬೇಕು. ಅದು ಕಿಸೆಯಲ್ಲಿದ್ದರೂ ಮಾಲ್‌ಗಳಲ್ಲಿ ಅಲ್ಲಿನ ಆಡಳಿತದವರನ್ನು ಬೇರೆ ಕೇಳಬೇಕು. ಈ ವಾತಾವರಣದಲ್ಲಿ ವದಂತಿಗೂ ಸಲೀಸಾಗಿ ಜೀವ ಬರುತ್ತದೆ. 2010ರ ನವೆಂಬರಿನಲ್ಲಿ, ಪತ್ರಕರ್ತರನ್ನು ಬಿಟ್ಟು ಬೇರೆ ಯಾರೂ ಡಿಎಸ್‌ಎಲ್‌ಆರ್ ಕ್ಯಾಮೆರಾ ಬಳಸುವಂತಿಲ್ಲ ಎಂದು ಕುವೈತ್ ನಿಷೇಧ ಹಾಕಿದೆಯೆಂಬ ಸುದ್ದಿ 'ಕುವೈತ್ ಟೈಮ್ಸ್'ನಲ್ಲಿ ಬಂದು ಜಗತ್ತಿನ ಛಾಯಾಗ್ರಾಹಕರನ್ನೆಲ್ಲ ಬೆಚ್ಚಿಬೀಳಿಸಿತು. ಕೆಲವೇ ದಿನಗಳಲ್ಲಿ ಪತ್ರಿಕೆ ಅದು ಸುಳ್ಳೆಂದು ವಿಷಾದ ಸೂಚಿಸಿತು. ನಿಷೇಧ ಇರಲಿಲ್ಲ, ಆದರೂ ಎಲ್ಲರೂ ನಂಬಿದರು.

ಇಷ್ಟಿದ್ದೂ ಕೊಲ್ಲಿಯ ಬೇರೆ ದೇಶಗಳಿಗಿಂತ ಕುವೈತಿನಲ್ಲಿ ಸುದ್ದಿಚಿತ್ರಕ್ಕೆ ವಸ್ತು ಹೆಚ್ಚು. ಅಲ್ಲಿ ದಶಕಗಳ ಕಾಲ ಗದ್ದಲದ ಸಂಸತ್ತು ಇತ್ತು, ರಸ್ತೆಗಿಳಿಯುವ ಜನರಿದ್ದರು. 2006ರಲ್ಲಿ ಹೆಂಗಸರು ಮೊದಲ ಬಾರಿ ಮತ ಹಾಕಿದಾಗ, 2009ರಲ್ಲಿ ನಾಲ್ವರು ಸಂಸತ್ತಿಗೆ ಗೆದ್ದು ಬಂದಾಗ, 2011ರ ನವೆಂಬರಿನಲ್ಲಿ ಪ್ರತಿಭಟನಕಾರರು ಸಂಸತ್ ಭವನಕ್ಕೆ ನುಗ್ಗಿದಾಗ, 2012ರ ಮೆರವಣಿಗೆಗಳಲ್ಲಿ ನೆಲೆಯೂರಿದ್ದ ಛಾಯಾಗ್ರಾಹಕರ ಬೆಲೆ ಗೊತ್ತಾಯಿತು. ಎಎಫ್‌ಪಿಯ ಯಾಸರ್ ಅಲ್ ಝಯ್ಯಾತ್, ರಾಯಿಟರ್ಸ್‌ನ ಸ್ಟೆಫನಿ ಮೆಗೀ ಮೊದಲಾದವರ ಹೆಸರು ಆ ವರ್ಷಗಳ ಕುವೈತ್ ಚಿತ್ರಗಳ ಕೆಳಗೆ ಮತ್ತೆ ಮತ್ತೆ ಕಾಣುತ್ತದೆ. ಮತಗಟ್ಟೆಗಳು ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಇರುತ್ತಿದ್ದವು. ಗಂಡಸರು ಸಂಜೆ ಸೇರುವ ದಿವಾನಿಯಾಗಳಲ್ಲಿ ರಾಜಕೀಯ ನಡೆದರೆ, ಅದಕ್ಕೆ ಸಮನಾದ ಹೆಂಗಸರ ಕೂಟಗಳಿಗೆ ಗಂಡು ಛಾಯಾಗ್ರಾಹಕನಿಗೆ ಪ್ರವೇಶವಿಲ್ಲ. ಹೆಣ್ಣು ಛಾಯಾಗ್ರಾಹಕಿಯರಿಗೆ ಕುವೈತಿನಲ್ಲಿ ಬೇಡಿಕೆಯಿರುವುದು ಈ ಕಾರಣಕ್ಕೆ. ಅರಮನೆಯ ಸಮಾರಂಭಗಳಿಗೆ ಬಂದರೆ ಚಿತ್ರ ಬಹುಮಟ್ಟಿಗೆ ಅಮೀರರ ಕಚೇರಿಯಾದ ದಿವಾನ್‌ನ ಅಥವಾ ಕುನಾದ ಛಾಯಾಗ್ರಾಹಕರದೇ. ಹೊರ ಸಂಸ್ಥೆಗಳು ಅದನ್ನು ಪಡೆದು, ಸರ್ಕಾರ ಕೊಟ್ಟ ಚಿತ್ರ ಎಂದು ಓದುಗರಿಗೆ ಕಾಣುವಂತೆ ನಮೂದಿಸಿ ಹಂಚುತ್ತವೆ.

ಇನ್ನು ಬಿಸಿಲು. 2016ರ ಜುಲೈ 21ರಂದು ವಾಯವ್ಯ ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ವಿಶ್ವ ಹವಾಮಾನ ಸಂಸ್ಥೆ ಪರಿಶೀಲಿಸಿ ಒಪ್ಪಿದ, ಏಷ್ಯಾದ ಅತಿ ಹೆಚ್ಚಿನ ಉಷ್ಣಾಂಶ ಅದು. ಬಹುಪಾಲು ಕ್ಯಾಮೆರಾಗಳ ಕೈಪಿಡಿಯಲ್ಲಿ ಬರೆದಿರುವ ಮಿತಿ 40 ಡಿಗ್ರಿ. ಅಂದರೆ ಜೂನಿನಿಂದ ಆಗಸ್ಟ್‌ವರೆಗೆ ಕುವೈತಿನ ಛಾಯಾಗ್ರಾಹಕರು ದಿನವೂ ತಯಾರಕರು ಹಾಕಿದ ಗೆರೆಯ ಆಚೆ ಕೆಲಸ ಮಾಡುತ್ತಾರೆ. ಕಪ್ಪು ಬಣ್ಣದ ಕ್ಯಾಮೆರಾ ಬಿಸಿಲಲ್ಲಿ ಹತ್ತು ನಿಮಿಷ ಕೂತರೆ ಮುಟ್ಟಲಾಗುವುದಿಲ್ಲ. ಅದಕ್ಕೆ ಬಿಳಿ ಬಟ್ಟೆ ಸುತ್ತುತ್ತಾರೆ. ವಿಡಿಯೊ ಹೊಡೆದರೆ ಸೆನ್ಸರ್ ಕಾದು ಕ್ಯಾಮೆರಾ ತಾನಾಗಿ ಆರಿಹೋಗುತ್ತದೆ. ಸಮುದ್ರದ ಕಡೆಯಿಂದ ತೇವದ ಗಾಳಿ ಬೀಸುವ ದಿನಗಳಲ್ಲಿ ಏಸಿ ಕಾರಿನಿಂದ ಇಳಿದೊಡನೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ, ಒರೆಸಿದಷ್ಟೂ ಮತ್ತೆ ಕೂರುತ್ತದೆ. ಇದಕ್ಕೆ ಅಗ್ಗದ ಉಪಾಯವೊಂದಿದೆ: ಸ್ಥಳ ತಲುಪುವ ಅರ್ಧಗಂಟೆ ಮೊದಲೇ ಕ್ಯಾಮೆರಾವನ್ನು ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಡಿಕ್ಕಿಯಲ್ಲೋ ಏಸಿ ತಾಗದ ಕಡೆಯಲ್ಲೋ ನಿಧಾನಕ್ಕೆ ಬೆಚ್ಚಗಾಗಲು ಬಿಡುವುದು. ಮಂಜು ಕೂತರೂ ಚೀಲದ ಹೊರಮೈಗೆ ಕೂರುತ್ತದೆ.

ಧೂಳಿನ ದಿನಗಳಲ್ಲಿ ಹೊರಗೆ ಲೆನ್ಸು ಬದಲಿಸುವ ಮಾತೇ ಇಲ್ಲ. ಎರಡು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ಒಂದಕ್ಕೆ 24–70, ಇನ್ನೊಂದಕ್ಕೆ 70–200 ಜೂಮ್ ಸಿಕ್ಕಿಸಿಕೊಂಡೇ ಮನೆ ಬಿಡುತ್ತಾರೆ. ಬೇಸಿಗೆಯ ನಡುಹಗಲಿನ ಬೆಳಕು ನೆತ್ತಿಯ ಮೇಲಿಂದ ಬಿದ್ದು ಕಣ್ಣುಗಳನ್ನು ಕಪ್ಪು ಗುಳಿ ಮಾಡುತ್ತದೆ. ಮುಖ ಬೇಕೆಂದರೆ ನೆಲದ ಮರಳಿನಿಂದ ಪುಟಿಯುವ ಬೆಳಕನ್ನು ಬಳಸಿಕೊಳ್ಳಬೇಕು, ಇಲ್ಲವೇ ಬೆಳಗಿನ ಆರು ಗಂಟೆಗೆ ಹೋಗಬೇಕು. ಜೂನ್ 1ರಿಂದ ಆಗಸ್ಟ್ 31ರವರೆಗೆ ಹಗಲು 11ರಿಂದ ಸಂಜೆ 4ರವರೆಗೆ ಬಯಲಲ್ಲಿ ಕೂಲಿ ಮಾಡಿಸಬಾರದೆಂಬ ಸರ್ಕಾರಿ ನಿಯಮವಿದೆ. ಆ ನಿಯಮದ ಬಗ್ಗೆ ಸಚಿತ್ರ ವರದಿ ತರಲು ಛಾಯಾಗ್ರಾಹಕ ಹೊರಡುವುದು ಮಾತ್ರ ಸರಿಯಾಗಿ ಆ ಹೊತ್ತಿನಲ್ಲೇ. ಮುಖಕ್ಕೆ ಬಟ್ಟೆ ಸುತ್ತಿಕೊಂಡು ನೀರು ಕುಡಿಯುತ್ತಿರುವ ಕಾರ್ಮಿಕನ ಚಿತ್ರ ಪ್ರತಿ ಬೇಸಿಗೆಯಲ್ಲೂ ಒಮ್ಮೆ ಬರುತ್ತದೆ. ಅದನ್ನು ಹಿಂದಿನ ವರ್ಷದ ಹಾಗಲ್ಲದಂತೆ ತೆಗೆಯುವುದೇ ಸವಾಲು.

ಚಿತ್ರ ತೆಗೆಯುವುದು ಅರ್ಧ ಕೆಲಸ. ಉಳಿದರ್ಧ ಅಡಿಬರಹ. ಸುದ್ದಿಸಂಸ್ಥೆಯ ಚಿತ್ರ ಹೊರಟ ಕೆಲವೇ ನಿಮಿಷಗಳಲ್ಲಿ ಜಗತ್ತಿನ ನಾನಾ ಸುದ್ದಿಮನೆ ತಲುಪುತ್ತದೆ. ಅಲ್ಲಿ ಕುಳಿತವರಿಗೆ ಫಹಾಹೀಲ್ ಎಲ್ಲಿದೆ, ಜಹ್ರಾ ಎಲ್ಲಿದೆ ಗೊತ್ತಿರುವುದಿಲ್ಲ. ಆದ್ದರಿಂದ ಯಾರು, ಏನು, ಎಲ್ಲಿ, ಯಾವ ದಿನ ಎಂಬುದನ್ನು ಚಿತ್ರದ ಕಡತದೊಳಗೇ ನಿಗದಿತ ಜಾಗಗಳಲ್ಲಿ ತುಂಬಬೇಕು. ಮೊದಲ ವಾಕ್ಯ ಚಿತ್ರದಲ್ಲಿ ಕಾಣುವುದನ್ನು ವರ್ತಮಾನ ಕಾಲದಲ್ಲಿ ಹೇಳುತ್ತದೆ, ಎರಡನೆಯದು ಕಾಣದ ಹಿನ್ನೆಲೆಯನ್ನು. ಅರಬ್ಬಿ ಹೆಸರನ್ನು ಇಂಗ್ಲಿಷಿಗೆ ತರುವಾಗ ಒಂದೊಂದು ಪತ್ರಿಕೆ ಒಂದೊಂದು ತರಹ ಬರೆಯುವುದರಿಂದ, ಹಳೆಯ ಚಿತ್ರ ಹುಡುಕುವವನಿಗೆ ಒಬ್ಬನೇ ಮಂತ್ರಿ ಮೂವರಾಗಿ ಸಿಗುತ್ತಾನೆ. ಅನುಭವಿಗಳು ತಮ್ಮದೇ ಪಟ್ಟಿ ಮಾಡಿಟ್ಟುಕೊಂಡು ಅದರಂತೆಯೇ ಬರೆಯುತ್ತಾರೆ. ಕಂಪ್ಯೂಟರಿನಲ್ಲಿ ಚಿತ್ರ ತಿದ್ದಲು ಬಿಡುವುದು ಬಹಳ ಸ್ವಲ್ಪ: ಅಂಚು ಕತ್ತರಿಸಬಹುದು, ಬೆಳಕು ತುಸು ಏರಿಸಿ ಇಳಿಸಬಹುದು; ಒಂದು ವಿದ್ಯುತ್ ಕಂಬವನ್ನೂ ಅಳಿಸುವಂತಿಲ್ಲ. 2006ರ ಲೆಬನಾನ್ ಯುದ್ಧದ ವೇಳೆ ಚಿತ್ರದಲ್ಲಿ ಹೊಗೆ ಹೆಚ್ಚಿಸಿದ್ದಕ್ಕೆ ರಾಯಿಟರ್ಸ್ ತನ್ನ ಹವ್ಯಾಸಿ ಛಾಯಾಗ್ರಾಹಕ ಅದ್ನಾನ್ ಹಾಜ್‌ನನ್ನು ಕೈಬಿಟ್ಟು, ಅವನ ಚಿತ್ರಗಳನ್ನೆಲ್ಲ ಸಂಗ್ರಹದಿಂದ ತೆಗೆದುಹಾಕಿತು. ಆ ಭಾಗದಲ್ಲಿ ಕೆಲಸಕ್ಕೆ ಸೇರುವ ಪ್ರತಿಯೊಬ್ಬ ಹೊಸಬನಿಗೂ ಈ ಪ್ರಕರಣವನ್ನು ಹೇಳುತ್ತಾರೆ.

ಮೊಬೈಲು ಬಂದ ಮೇಲೆ ಮೊದಲ ಚಿತ್ರ ವೃತ್ತಿಪರನದಾಗಿರುವುದು ಅಪರೂಪ. 2015ರ ಜೂನ್ 26ರಂದು ಇಮಾಮ್ ಸಾದಿಕ್ ಮಸೀದಿಯಲ್ಲಿ ಬಾಂಬು ಸಿಡಿದು 27 ಮಂದಿ ಸತ್ತಾಗ, ಧೂಳು ಇಳಿಯುವ ಮೊದಲೇ ಒಳಗಿದ್ದವರ ಫೋನಿನ ಚಿತ್ರಗಳು ಹರಿದಾಡಿದ್ದವು. 2024ರ ಜೂನ್ 12ರ ನಸುಕಿನಲ್ಲಿ ಮಂಗಾಫ್‌ನ ಕಾರ್ಮಿಕ ವಸತಿಗೆ ಬೆಂಕಿ ಬಿದ್ದು 50ರಷ್ಟು ಜನ, ಅವರಲ್ಲಿ ಹೆಚ್ಚಿನವರು ಭಾರತೀಯರು, ಸತ್ತಾಗಲೂ ಹಾಗೇ ಆಯಿತು. ಆದರೆ ಬೆಳಗಾದ ಮೇಲೆ ಬಂದ ಸುದ್ದಿಸಂಸ್ಥೆಯ ಚಿತ್ರಗಳು ಬೇರೆಯದನ್ನು ತೋರಿಸಿದವು: ಕಿಟಕಿಕಿಟಕಿಯಿಂದ ಗೋಡೆಯ ಮೇಲೆ ಹರಡಿದ ಮಸಿ, ಕಟ್ಟಡದ ಮುಂದೆ ಓಡಾಡುತ್ತಿದ್ದ ತನಿಖೆಯ ಪೊಲೀಸರು. ಬೆಂಕಿ ಹೇಗೆ ಏರಿತು, ಎಷ್ಟು ಇಕ್ಕಟ್ಟಿನಲ್ಲಿ ಜನ ಇದ್ದರು ಎಂಬ ಪ್ರಶ್ನೆ ಎದ್ದದ್ದು ಅಂಥ ಚಿತ್ರಗಳನ್ನು ನೋಡಿ. ಎರಡು ದಿನದ ನಂತರ ವಾಯುಪಡೆಯ ವಿಮಾನ ಕೊಚ್ಚಿಗೆ ತಂದಿಳಿಸಿದ ಶವಪೆಟ್ಟಿಗೆಗಳಲ್ಲಿ ಕಲಬುರಗಿ ಜಿಲ್ಲೆಯ ಒಬ್ಬರದೂ ಇತ್ತು. ಸಿಲಿಸಿಯೊ ಕಾಲದಲ್ಲಿ ಬಚ್ಚಿಟ್ಟಂಥ ದೃಶ್ಯ ಇಲ್ಲಿ ಎಲ್ಲ ವಾಹಿನಿಗಳಲ್ಲೂ ನೇರವಾಗಿ ಬಂತು. ಅತ್ತು ಕುಸಿದ ಮನೆಯವರ ಮುಖಕ್ಕೆ ಎಷ್ಟು ಹತ್ತಿರ ಹೋಗಬೇಕು ಎಂಬುದನ್ನು ಆ ದಿನ ಒಬ್ಬೊಬ್ಬ ಕ್ಯಾಮೆರಾಮನ್ ತಾನೇ ತೀರ್ಮಾನಿಸಿದ. ಎಲ್ಲರೂ ಸರಿಯಾಗಿ ತೀರ್ಮಾನಿಸಿದರು ಎನ್ನುವಂತಿರಲಿಲ್ಲ.

ಉದ್ಯೋಗವಾಗಿ ಇದು ಹೇಗೆ? ಕುವೈತಿನಲ್ಲಿ ಸುಮಾರು 10 ಲಕ್ಷ ಭಾರತೀಯರಿದ್ದಾರೆ, ಕರ್ನಾಟಕ ಕರಾವಳಿಯವರೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ಖಾಸಗಿ ಸಂಸ್ಥೆಯ ಕೆಲಸಕ್ಕೆ 18ನೇ ವಿಧಿಯ ವೀಸಾ. ಅದನ್ನು ಕೊಡುವ ಮಾಲೀಕರ ಹೆಸರಿಗೇ ಇಖಾಮಾ, ಅಂದರೆ ವಾಸದ ಪರವಾನಗಿ, ಅಂಟಿಕೊಂಡಿರುತ್ತದೆ. ಹೀಗಾಗಿ ಭಾರತದಲ್ಲಿರುವಂತೆ ಇಂದು ಒಂದು ಪತ್ರಿಕೆಗೆ, ನಾಳೆ ಇನ್ನೊಂದಕ್ಕೆ ಎಂದು ಹವ್ಯಾಸಿಯಾಗಿ ಬದುಕುವುದು ವಿದೇಶೀಯರಿಗೆ ಕಷ್ಟ. ಮೈಸೂರಿನ ಟಿ.ಎಸ್. ಸತ್ಯನ್ 'ಡೆಕ್ಕನ್ ಹೆರಾಲ್ಡ್' ಬಿಟ್ಟು, ಬೇಕಾದ ಪತ್ರಿಕೆಗೆ, ಮುಂದೆ ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳಿಗೆ ಸ್ವತಂತ್ರವಾಗಿ ಚಿತ್ರ ತೆಗೆದುಕೊಟ್ಟು ಜೀವನ ಮಾಡಿದರು. ಆ ದಾರಿ ಕುವೈತಿನ ವಲಸಿಗನಿಗೆ ತೆರೆದಿಲ್ಲ. ದಿನಪತ್ರಿಕೆಯ ನೌಕರಿ, ಇಲ್ಲವೇ ಜಾಹೀರಾತು ಸಂಸ್ಥೆ, ಸ್ಟುಡಿಯೊಗಳ ಮೂಲಕವೇ ಒಳಗೆ ಬರಬೇಕು. ಪತ್ರಿಕೆಯಲ್ಲಿ ಸಿಕ್ಕರೂ ಮೊದಲ ಕೆಲವು ವರ್ಷ ರಾಯಭಾರಿಗಳ ಭೇಟಿ, ಬ್ಯಾಂಕುಗಳ ಬಹುಮಾನ ವಿತರಣೆ, ಹೋಟೆಲುಗಳ ಉದ್ಘಾಟನೆಗಳಲ್ಲೇ ಕಳೆಯುತ್ತವೆ. ಸಾಲಾಗಿ ನಿಂತು ನಗುವವರ ಚಿತ್ರ ಕುವೈತಿನ ಪತ್ರಿಕೆಗಳಲ್ಲಿ ತುಂಬಿ ತುಳುಕುತ್ತದೆ. ಇದರಿಂದ ಬೇಸತ್ತು ಮದುವೆ ಫೋಟೊಗ್ರಫಿಗೆ ಹೋದವರುಂಟು. ಅಲ್ಲಿ ಹಣವೂ ಹೆಚ್ಚು.

ಕನ್ನಡ, ತುಳು ಸಂಘಗಳಲ್ಲಿ ಕ್ಯಾಮೆರಾ ಹಿಡಿಯುವವರದು ಇನ್ನೊಂದು ಲೋಕ. ಹಗಲು ಕಚೇರಿಯಲ್ಲೋ ಎಣ್ಣೆ ಕಂಪನಿಯಲ್ಲೋ ದುಡಿದು, ಶುಕ್ರವಾರ ರಾಜ್ಯೋತ್ಸವ, ಯಕ್ಷಗಾನ, ಕ್ರೀಡಾಕೂಟಗಳಿಗೆ ಹೋಗಿ ಚಿತ್ರ ತೆಗೆದು, ರಾತ್ರಿಯೇ ಮಂಗಳೂರಿನ ಸುದ್ದಿತಾಣಗಳಿಗೆ ಕಳಿಸುತ್ತಾರೆ. ಹಣ ಬರುವುದಿಲ್ಲ, ಹೆಸರು ಬರುತ್ತದೆ. ವೃತ್ತಿಪರರು ಇದನ್ನು ಸುದ್ದಿಚಿತ್ರವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಅಷ್ಟು ಸರಿಯಲ್ಲ: ಸಾಲ್ಮಿಯಾದ ಶಾಲೆಯ ಸಭಾಂಗಣದಲ್ಲಿ ಬಣ್ಣ ಹಚ್ಚಿಕೊಳ್ಳುತ್ತ ಕೂತ ವೇಷಧಾರಿಯನ್ನು ಯಾವ ಅಂತರರಾಷ್ಟ್ರೀಯ ಸಂಸ್ಥೆಯೂ ಚಿತ್ರಿಸಿಲ್ಲ, ಚಿತ್ರಿಸುವುದೂ ಇಲ್ಲ. ಕುವೈತಿನ ಕನ್ನಡಿಗರ ಬದುಕಿಗೆ ದಾಖಲೆ ಎಂದಿದ್ದರೆ ಈ ಹವ್ಯಾಸಿಗಳ ಹಾರ್ಡ್ ಡಿಸ್ಕುಗಳಲ್ಲಿದೆ.

ಹಾರ್ಡ್ ಡಿಸ್ಕು ಯಾರದು ಎಂಬುದನ್ನು ಕೆಲಸಕ್ಕೆ ಸೇರುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು. ಸಂಬಳಕ್ಕಿರುವವನು ತೆಗೆದ ಚಿತ್ರ ಸಾಮಾನ್ಯವಾಗಿ ಪತ್ರಿಕೆಯ ಸ್ವತ್ತು. ಸುದ್ದಿಸಂಸ್ಥೆಗಳ ಕರಾರುಗಳಲ್ಲೂ ಹಕ್ಕು ಸಂಸ್ಥೆಯದೇ ಆಗಿರುವುದು ರೂಢಿ. ಇಖಾಮಾ ಮುಗಿದು ಊರಿಗೆ ಹೊರಟಾಗ ಛಾಯಾಗ್ರಾಹಕನ ಜೊತೆ ಬರುವುದು ಮುದ್ರಿತ ಪುಟಗಳ ಕತ್ತರಿಕೆಗಳಷ್ಟೇ. ಹೊಸ ಕೆಲಸಕ್ಕೆ ಅರ್ಜಿ ಹಾಕುವಾಗ ತೋರಿಸಲು ನೂರಿನ್ನೂರು ಚಿತ್ರಗಳ ಪ್ರತಿಯನ್ನು ಇಟ್ಟುಕೊಳ್ಳಬಹುದು ಎಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸಿಕೊಂಡವರು ಹೊಸ ಊರಿನಲ್ಲಿ ಮತ್ತೆ ಬ್ಯಾಂಕಿನ ಬಹುಮಾನ ವಿತರಣೆಯಿಂದ ಶುರು ಮಾಡಬೇಕಾಗುವುದಿಲ್ಲ.